ಹೆಣ್ಣಿಲಿಗಳಿಗೂ ಹೊತ್ತು ಗೊತ್ತು

ಸ್ಫಾಕ್ಸ್, ಗುರುವಾರ

ಅಜ್ಜೀ, ಹರಕೆ ತೀರಿಸು, ನಿನ್ನ ಮೊಮ್ಮಗಳ ಕೆಲಸ ಉಳಿಯಿತು!

ನಮ್ಮ ಪ್ರಯೋಗಾಲಯದ ಇಲಿಗಳು ದೀಪ ಹತ್ತಿದ ಮೇಲೆ ಸ್ವಲ್ಪ ಕಾದು, ಸರಿಯಾದ ಕ್ಷಣಕ್ಕೆ ಕಿಂಡಿಯೊಳಗೆ ಮೂತಿ ತೂರಿಸಬೇಕು. ಆಗಲೇ ಸಿಹಿ ಹಾಲು. ಗಂಡಿಲಿಗಳು ತಪ್ಪುತ್ತಿರಲಿಲ್ಲ, ಹೆಣ್ಣಿಲಿಗಳು ದಿನವೂ ತಡ. "ಇವಕ್ಕೆ ಹೊತ್ತಿನ ಪರಿವೆಯೇ ಇಲ್ಲಮ್ಮ. ಇಲ್ಲಾ ನೀನು ಕಲಿಸಿದ್ದೇ ಸರಿಯಿಲ್ಲ," ಎಂದು ಡಾಕ್ಟರ್ ಬಷ್ರೂಶ್ ನನ್ನನ್ನು ಊರಿಗೆ ಕಳಿಸುವುದರಲ್ಲಿದ್ದರು.

ತಲೆನೋವಿಗೆಂದು ನೀನು ಕೊಟ್ಟ ಕಿತ್ತಳೆ ಹೂವಿನ ನೀರನ್ನು ದಿನವೂ ಹಣೆಗೆ ಹಚ್ಚಿಕೊಂಡೇ ಕೆಲಸಕ್ಕೆ ಹೋಗುತ್ತಿದ್ದೆ, ಮೊನ್ನೆ ಮರೆತೆ. ಹೆಣ್ಣಿಲಿಗಳೆಲ್ಲ ಹೊತ್ತಿಗೆ ಸರಿಯಾಗಿ ಹಾಲು ಕುಡಿದವು! ನಿನ್ನೆ, ಅಜ್ಜಿ ಕೊಟ್ಟಿದ್ದು ಎಂದು ಹೇಳಿ, ಡಾಕ್ಟರ ಎದುರೇ ಹಚ್ಚಿಕೊಂಡೆ. ಅವು ಹಿಂಗಾಲ ಮೇಲೆ ನಿಂತು, ನನ್ನತ್ತ ಮೂಗರಳಿಸಿ, ಹಾಲನ್ನೇ ಮರೆತವು. ಡಾಕ್ಟರು ನಕ್ಕುಬಿಟ್ಟರು: "ಹೊತ್ತು ಗೊತ್ತಿದೆ ಕಣಮ್ಮ, ಗಮನ ಕದ್ದಿದ್ದು ನಿಮ್ಮಜ್ಜಿ!"

ಇನ್ನು ಹಚ್ಚುವಂತಿಲ್ಲ. ತಲೆನೋವು ಬಂದರೆ ಮಾತ್ರೆ ನುಂಗುತ್ತೇನೆ, ಬೈಯಬೇಡ.

ಗಂಡಿಲಿಗಳು ತಲೆಯನ್ನೂ ಎತ್ತಲಿಲ್ಲ. ಇಷ್ಟು ವರ್ಷ ನೀನು ತಾತನ ಕಾಫಿಗೆ ಅದೇ ನೀರು ಹನಿಸಿದೆಯಲ್ಲ, ಒಂದು ದಿನವಾದರೂ ಕೇಳಿದರೇ, ಇದೇನು ಪರಿಮಳ ಅಂತ?

ಬಸ್ಸು ಬಂತು,
ಉಲ್ಫಾ