ಹದಿನೈದು ಹೋಗಿ ಕೂತ ಜಾಗ

ಪ್ರೀತಿಯ ಮಾಮಾ,

ನನ್ನ ಅಕ್ಷರ ನೋಡಿ ಬೈಯಬೇಡಿ. ಐದನೇ ಕ್ಲಾಸಿಗೆ ಶಾಲೆ ಬಿಟ್ಟವಳ ಬರಹ ಇಷ್ಟೇ. ಒತ್ತಕ್ಷರ ಎಲ್ಲಾದರೂ ಬಿಟ್ಟುಹೋಗಿದ್ದರೆ ನೀವೇ ಸೇರಿಸಿ ಓದಿಕೊಳ್ಳಿ. ನಿಮ್ಮ ಕಣ್ಣು ಮಂಜಾದ ಮೇಲೆ ನೀವು ಹೇಳುತ್ತಿದ್ದಿರಿ, ನಾನು ಒಂದೇ ಬೆರಳಿನಿಂದ ಕಂಪ್ಯೂಟರಿಗೆ ಒತ್ತುತ್ತಿದ್ದೆ. ಅಲ್ಲಿ ಅಕ್ಷರ ದುಂಡಗೆ ಬರುತ್ತಿತ್ತು. ಈಗ ಪೆನ್ನು ಹಿಡಿದಿದ್ದೇನೆ, ಅದೂ ಹೆಬ್ಬೆರಳಿಗೆ ಬಟ್ಟೆ ಸುತ್ತಿಕೊಂಡು. ಯಾಕೆ ಅಂತ ಮುಂದೆ ತಿಳಿಯುತ್ತದೆ. ನಿಮ್ಮ ಮಗ ಅನ್ವರ್ ಭಾಯಿ ಇವತ್ತಿನ ಮಟ್ಟಿಗೆ ಚೆನ್ನಾಗಿದ್ದಾನೆ. ಅದನ್ನು ಮೊದಲೇ ಬರೆದಿದ್ದೇನೆ. ಇಲ್ಲದಿದ್ದರೆ ಉಳಿದದ್ದನ್ನು ನೀವು ಸಮಾಧಾನದಿಂದ ಓದಲಾರಿರಿ.

ಸತ್ಯನಾರಾಯಣಪೇಟೆ ಮನೆಯ ಮುಂದಿನ ಕೋಣೆ ನಿಮಗೆ ನೆನಪಿದೆಯಾ? ಒಂದು ಗೋಡೆಗೆ ನನ್ನ ಹೊಲಿಗೆ ಯಂತ್ರ, ಎದುರು ಗೋಡೆಗೆ ನಿಮ್ಮ ಕಂಪ್ಯೂಟರ್. ನಾನು ಜೀನ್ಸ್ ಪ್ಯಾಂಟಿನ ಜೇಬು ಹೊಲಿಯುವುದನ್ನು ನಿಲ್ಲಿಸಿ ಬಂದು ಕೂತರೆ ನೀವು ಸಿರುಗುಪ್ಪದ ಅಕ್ಕಿ ಮಿಲ್ಲಿನ ಪ್ರೋಗ್ರಾಮು ಬರೆಸುತ್ತಿದ್ದಿರಿ. ಭತ್ತ ಬೇಯಿಸುವ ಹಂಡೆಗೆ ಹಬೆ ಬಿಡುವುದು, ಹೊತ್ತಿಗೆ ಸರಿಯಾಗಿ ನಿಲ್ಲಿಸುವುದು ಅದರ ಕೆಲಸ. ಹಬೆ ಬಿಡುವ ಫಂಕ್ಷನ್ನಿಗೆ, ಅಂದರೆ ಪ್ರೋಗ್ರಾಮಿನ ಆ ಭಾಗಕ್ಕೆ, ಸಾಲಾಗಿ ನಾಲ್ಕು ಸಂಗತಿ ಕಳಿಸಬೇಕಿತ್ತು. ಹಂಡೆಯ ನಂಬರು, ಭತ್ತದ ತೇವ, ಒತ್ತಡದ ಮಿತಿ, ಎಷ್ಟು ನಿಮಿಷ. ಮಿತಿ ಹದಿನೈದು, ನಿಮಿಷ ಹತ್ತು. ತೇವದ ಜಾಗದಲ್ಲಿ ನೀವು ಒಂದು ಸ್ಟ್ರಕ್ಚರ್ ಬರೆಸಿದಿರಿ. ಹಲವು ಅಂಕಿಗಳನ್ನು ಒಂದೇ ಹೆಸರಿನಲ್ಲಿ ಕಟ್ಟಿಡುವ ಗಂಟು ಅದು ಅಂತ ನನಗೆ ಗೊತ್ತಿತ್ತು. ಆದರೆ ಈ ಗಂಟಿನೊಳಗೆ ಏನೂ ಇರಲಿಲ್ಲ.

"ಮಾಮಾ, ಒಳಗ ಏನೂ ಬರೆಸ್ಲೇ ಇಲ್ಲಲ್ರಿ?"

"ತೇವ ಅಳಿಯೋ ಯಂತ್ರ ತರ್ತೀನಿ ಅಂದಾರ ಸಾಹುಕಾರ್ರು. ಬಂದಾಗ ತುಂಬೋಣು. ಈಗ ಜಾಗ ಹಿಡಿದಿಡು."

"ಖಾಲಿ ಗಂಟು ಕಳಿಸಿದ್ರ ಆ ಕಡೆ ಏನು ಮುಟ್ಟತೈತ್ರಿ?"

ನೀವು ಕುರ್ಚಿಯನ್ನು ನನ್ನ ಕಡೆ ತಿರುಗಿಸಿಕೊಂಡಿರಿ. "ಇಷ್ಟು ದಿನದಾಗ ಒಂದು ಚಲೋ ಪ್ರಶ್ನೆ ಕೇಳಿದಿ ನೋಡು."

ಆ ವಾರವಷ್ಟೇ ನಾನು ಹದಿನೆಂಟು ಪ್ಯಾಂಟು ಕೆಡಿಸಿದ್ದೆ. ನನಗೆ ಎರಡು ಕಡೆಯಿಂದ ಕತ್ತರಿಸಿದ ಬಟ್ಟೆಯ ಕಟ್ಟು ಬರುತ್ತಿತ್ತಲ್ಲ? ಚಿಕ್ಕ ಜೇಬು ಇಲ್ಲದ ನಮೂನೆಯಾದರೆ ಒಬ್ಬರು ಆ ತುಂಡಿನ ಜಾಗದಲ್ಲಿ ಖಾಲಿ ಕಾಗದ ಇಟ್ಟು ಕಟ್ಟುತ್ತಿದ್ದರು. ಇನ್ನೊಬ್ಬರು ಏನೂ ಇಡುತ್ತಿರಲಿಲ್ಲ. ನಾನು ನೋಡದೆ, ಕೈಯ ಅಭ್ಯಾಸದ ಮೇಲೆ ಎರಡನ್ನೂ ಒಂದೇ ಎಣಿಕೆಯಲ್ಲಿ ಬಿಚ್ಚಿ, ಎಡ ಜೇಬಿನ ಕಡೆ ಬಲ ಜೇಬು ಹೊಲಿದಿಟ್ಟಿದ್ದೆ. ನೀವು ಅದನ್ನೇ ಹಿಡಿದುಕೊಂಡಿರಿ. "ಕಂಪೈಲರ್‌ಗೋಳೂ ಹಂಗ," ಅಂದಿರಿ. ನಾವು ಬರೆದದ್ದನ್ನು ಯಂತ್ರಕ್ಕೆ ತಿಳಿಯುವಂತೆ ತಿರುಗಿಸುವುದು ಕಂಪೈಲರ್. ನಮ್ಮಲ್ಲಿದ್ದ ಸಿ ಭಾಷೆಯ ಕಂಪೈಲರ್ ಖಾಲಿ ಗಂಟಿನ ಅಳತೆ ಸೊನ್ನೆ ಎಂದು ಅದಕ್ಕೆ ಜಾಗವನ್ನೇ ಕೊಡುವುದಿಲ್ಲ. ಅದರ ಜೊತೆಗೇ ಇದ್ದ ಸಿ ಪ್ಲಸ್ ಪ್ಲಸ್ ಕಂಪೈಲರ್, ಖಾಲಿಯಾದರೂ ಅದೊಂದು ವಸ್ತುವೇ, ಅಳತೆ ಒಂದು ಎಂದು, ಕಳಿಸುವಾಗ ಒಂದು ಮನೆ ಬಿಟ್ಟು ಮುಂದಿನದನ್ನು ಇಡುತ್ತದೆ.

"ಯಾವುದು ಖರೇ ಮಾಮಾ?"

"ಎರಡೂ ಖರೇನ. ಕಳಿಸೋನು, ತಗೊಳ್ಳೋನು ಒಂದೇ ಪದ್ಧತಿಯವ್ರಿದ್ರ ಚಿಂತಿಲ್ಲ. ಅರ್ಧ ಇದು, ಅರ್ಧ ಅದು ಆತಂದ್ರ…"

"ಆ ಬಿಟ್ಟ ಮನಿಯಾಗ ಏನಿರತೈತ್ರಿ?"

"ಮೊದಲು ಅಲ್ಲಿದ್ದವ್ರು ಬಿಟ್ಟು ಹೋದ ಕಸ. ಒಂದಿನ ಸೊನ್ನಿ, ಒಂದಿನ ಲಕ್ಷ. ಅದಕ್ಕ ಕಳಿಸೋ ಅರ್ಧ, ತಗೊಳ್ಳೋ ಅರ್ಧ ಎರಡನ್ನೂ ಯಾವಾಗ್ಲೂ ಒಂದ ಕಂಪೈಲರಿನಾಗ ಕಟ್ಟಬೇಕು, ಪಾತಿಮಾ. ಹೆಸರು ಹೊಂದಿದ್ರ ಸಾಕು, ಯಂತ್ರ ಜೋಡಿಸಿಬಿಡತೈತಿ. ತಪ್ಪೈತಿ ಅಂತ ಬಾಯಿ ಬಿಡಂಗಿಲ್ಲ."

ಬಾಯಿ ಬಿಡದವಳು ನಾನೂ ಒಬ್ಬಳಿದ್ದೆ, ಮಾಮಾ. ಬಸು ಮಿಲ್ಲಿಗೆ ಬಂದ ದಿನ ನಾನು ಅಲ್ಲೇ ಇದ್ದೆ. ನಿಮ್ಮ ಹತ್ತಿರ ಕಲಿತ ಅದೇ ಬಸು. ಈಗ ಗಣಿ ಆಫೀಸಿನಲ್ಲಿದ್ದಾನೆ, ದೊಡ್ಡ ಕಾರಿನಲ್ಲಿ ಓಡಾಡುತ್ತಾನೆ. ನೀವು ಕಣ್ಣು ಮುಚ್ಚಿದ ಮೇಲೆ ನಾನು ಕುರುಗೋಡಿಗೆ ಅವ್ವನ ಹತ್ತಿರ ಬಂದೆ. ರಸ್ತೆಯ ಮೇಲೆ ಅದಿರು ಲಾರಿಗಳು ಒಂದರ ಹಿಂದೆ ಒಂದು. ಒಣಗಿಸಿದ ಬಟ್ಟೆ ಸಂಜೆಗೆ ಕೆಂಪಾಗಿರುತ್ತದೆ. ಮಿಲ್ಲಿನ ಸಾಹುಕಾರರೂ ಲಾರಿ ಕೊಂಡರು, ತೇವದ ಯಂತ್ರ ಬರಲೇ ಇಲ್ಲ. ಮಿಲ್ಲಿನ ಹಳೆಯ ಕಂಪ್ಯೂಟರ್ ಕೆಟ್ಟಿತ್ತು, ಅವತ್ತು ಬಸು ಗಣಿ ಆಫೀಸಿನದೊಂದನ್ನು ತಂದು ಕೂರಿಸುತ್ತಿದ್ದ. ಅದೇ ಮಿಲ್ಲಿನಲ್ಲಿ ಹಂಡೆ ನೋಡಿಕೊಳ್ಳುವ ಅನ್ವರ್ ಭಾಯಿಗೆ ನಾನು ಅಂಗಿ ಹೊಲಿದು ಒಯ್ದಿದ್ದೆ.

"ಪರದಿ ಮ್ಯಾಲೆ ಕಾಣೋ ಅರ್ಧ ಪೂರಾ ಹೊಸದು ಬರದೀನಿ. ಸಿ ಪ್ಲಸ್ ಪ್ಲಸ್," ಎಂದು ಬಸು ಸಾಹುಕಾರರಿಗೆ ಹೇಳುತ್ತಿದ್ದ. "ಹಬಿ ಬಿಡೋ ಅರ್ಧ ನಮ್ಮ ಗುರುಗಳದ್ದು ಹಂಗ ಇಟ್ಟೀನಿ. ಯಂತ್ರಕ್ಕ ತಿರುಗಿಸಿದ್ದು ಸಿಕ್ತು, ಬರೆದದ್ದು ಸಿಗಲಿಲ್ಲ. ಬೇಕಾಗಂಗಿಲ್ಲ ಬಿಡ್ರಿ."

ನೀವು ಬರೆಸಿದ ಹಾಳೆಗಳು ನನ್ನ ಟ್ರಂಕಿನಲ್ಲಿದ್ದವು. ಅವನು ಕೇಳಲಿಲ್ಲ, ನಾನು ಹೇಳಲಿಲ್ಲ. ಅಷ್ಟು ಗಂಡಸರ ನಡುವೆ, ಇಂಗ್ಲಿಷ್ ಪದ ಒಡೆದು ಒಡೆದು ಓದುವ ನಾನು ಏನೆಂದು ಬಾಯಿ ತೆರೆಯಲಿ? ಅಂಗಿಯ ಗಂಟನ್ನು ಅನ್ವರ್ ಭಾಯಿಯ ಕೈಗಿಟ್ಟು ಬಸ್ಸು ಹತ್ತಿದೆ.

ಒಂದು ತಿಂಗಳಾದ ಮೇಲೆ ಅನ್ವರ್ ಭಾಯಿ ಅಕ್ಕಿ ತಂದ. ಅವ್ವ ಮೊರದಲ್ಲಿ ಹಾಕಿಕೊಂಡು ಬೆಳಕಿಗೆ ಹಿಡಿದಳು. "ಯಾಕೋ ಅನ್ವರಾ, ಅಕ್ಕಿ ಹಿಂಗ ಕೆಂಪಗಾಗೈತಿ? ಹಂಡಿ ಮುಂದ ನಿದ್ದಿ ಹೊಡದಿಯೇನು?"

"ನಾನಲ್ಲತ್ತಿ, ಕಂಪ್ಯೂಟರ್. ಹೊಸದು ಬಂದಾಗಿಂದ ಹದಿನೈದು ನಿಮಿಷ ಬೇಸಾಕ ಹತ್ತೈತಿ. ಒಂದೊಂದಿನ ಮುನಿಸಿಕೊಂಡು ಹಬಿನ ಬಿಡಂಗಿಲ್ಲ. ಆರಿಸಿ ಹಾಕಿದ್ರ ಮತ್ತ ಶುರು."

ಹದಿನೈದು ನಿಮಿಷ. ನನ್ನ ಕೈಯಲ್ಲಿದ್ದ ಸೂಜಿ ಅಲ್ಲೇ ನಿಂತಿತು. ಹತ್ತು ಅಂತ ನಾನೇ ಒತ್ತಿದ್ದೆ. ಟ್ರಂಕು ತೆಗೆದು ಹಾಳೆ ನೋಡಿದೆ. ನಿಮಿಷದ ಜಾಗದಲ್ಲಿ ಹತ್ತೇ ಇತ್ತು. ಹದಿನೈದು ಇದ್ದದ್ದು ಅದರ ಹಿಂದಿನ ಜಾಗದಲ್ಲಿ, ಒತ್ತಡದ ಮಿತಿಯಲ್ಲಿ. ಬಸುವಿನ ಅರ್ಧ ಖಾಲಿ ಗಂಟಿಗೂ ಒಂದು ಮನೆ ಬಿಟ್ಟು ಕಳಿಸುತ್ತಿದೆ. ಸಿ-ಯಲ್ಲಿ ಕಟ್ಟಿದ ನಿಮ್ಮ ಅರ್ಧ ಅಲ್ಲಿ ಮನೆಯೇ ಇಲ್ಲವೆಂದು ಎಣಿಸುತ್ತಿದೆ. ಹಾಗಾಗಿ ಮಿತಿ ಜಾರಿ ನಿಮಿಷವಾಗಿದೆ. ಮಾಮಾ, ಹದಿನೈದು ಅಲ್ಲಿ ಹೋಗಿ ಕೂತಿದೆ ಎಂದರೆ ಹದಿನೈದರ ಜಾಗದಲ್ಲಿ ಈಗ ಯಾರು ಕೂತಿದ್ದಾರೆ?

ಒಂದಿನ ಸೊನ್ನೆ. ಅವತ್ತು ಹಬೆ ಬರುವುದಿಲ್ಲ, ಅದನ್ನೇ ಇವರು ಮುನಿಸು ಅಂದರು. ಉಳಿದ ದಿನ ಲಕ್ಷ, ಅಂದರೆ ಒತ್ತಡಕ್ಕೆ ಮಿತಿಯೇ ಇಲ್ಲ.

ಬೂತಿನಿಂದ ಬಸುವಿಗೆ ಫೋನು ಮಾಡಿದಾಗ ನನ್ನ ದನಿ ನನಗೇ ಕೇಳುತ್ತಿರಲಿಲ್ಲ. ಎರಡು ಸಲ ಹೇಳಿಸಿಕೊಂಡು ಅವನು ನಕ್ಕ. "ಲೇ ಪಾತಿಮಾ, ಜೇಬು ಹೊಲಿಯೋದು ಬಿಟ್ಟು ಕಂಪೈಲರ್‌ಗೆ ಕೈ ಹಚ್ಚಿದಿ? ತಪ್ಪಿದ್ರ ಜೋಡಿಸುವಾಗ್ಲೇ ಹೇಳತಿತ್ತು."

"ಹೇಳಂಗಿಲ್ಲಣ್ಣ. ಹೆಸರಷ್ಟ ನೋಡತೈತಿ. ಮಾಮ ನಿನಗೂ ಹೇಳಿರಬೇಕು."

"ಗಣಿ ಕೆಲಸ ಭಾಳ ಐತಿ. ಮುಂದಿನ ವಾರ ನೋಡ್ತೀನಿ," ಎಂದು ಇಟ್ಟುಬಿಟ್ಟ.

ಮೊನ್ನೆ ಮೊದಲ ಬಸ್ಸಿಗೆ ಸಿರುಗುಪ್ಪಕ್ಕೆ ಹೋದೆ. ಅನ್ವರ್ ಭಾಯಿ ಎರಡನೇ ಹಂಡೆಗೆ ಬೆನ್ನು ಕೊಟ್ಟು ಚಹಾ ಕುಡಿಯುತ್ತಿದ್ದ. ಒಲೆಗೆ ಒಣ ಹೊಟ್ಟು ಬಂದಿದೆ, ಉರಿ ಚಲೋ ಹಿಡಿದಿದೆ ಎಂದು ಖುಷಿಯಲ್ಲಿದ್ದ. ಹಂಡೆಯ ಮೇಲೆ ಹೆಚ್ಚಿನ ಹಬೆ ತಾನಾಗಿ ಹೊರಹೋಗುವ ವಾಲ್ವ್ ಇದೆಯಲ್ಲ, ಅದರ ಹಿಡಿಯನ್ನು ತಂತಿಯಿಂದ ಬಿಗಿದು ಕಟ್ಟಿದ್ದರು.

"ಇದನ್ಯಾಕ ಕಟ್ಟೀರಿ?"

"ಹಬಿ ಸುಮ್ಮನ ಪೋಲಾಗತೈತಿ ಅಂತ ಸಾಹುಕಾರ್ರು ಕಟ್ಟಿಸ್ಯಾರ. ಕಂಪ್ಯೂಟರ್ ಐತಲ್ಲ, ಹದಿನೈದಕ್ಕ ನಿಲ್ಲಿಸತೈತಿ."

"ನಿಲ್ಲಸಂಗಿಲ್ಲ, ಭಾಯಿ."

"ನಮ್ಮಪ್ಪ ಬರೆದದ್ದು ಪಾತಿಮಾ. ಅದು ನನಗ ಏನೂ ಮಾಡಂಗಿಲ್ಲ."

ಮಾಮಾ, ನೀವು ಬರೆದದ್ದರಲ್ಲಿ ತಪ್ಪಿಲ್ಲ, ಬಸು ಬರೆದದ್ದರಲ್ಲೂ ತಪ್ಪಿಲ್ಲ, ಎರಡನ್ನೂ ಕೂಡಿಸಿದಲ್ಲಿ ತಪ್ಪಾಗಿದೆ ಎಂದು ಅವನಿಗೆ ಹೇಗೆ ತಿಳಿಸಲಿ? ಅಷ್ಟರಲ್ಲಿ ಒತ್ತಡದ ಮುಳ್ಳು ಹದಿನೈದಕ್ಕೆ ಬಂತು. ಇಬ್ಬರೂ ನೋಡಿದೆವು. ಹದಿನಾರು. ಪರದೆಯ ಮೇಲೆ ಮಿತಿ ಹದಿನೈದು ಎಂದು ಹಸಿರು ಅಂಕಿ ಅಲುಗಾಡದೆ ನಿಂತಿತ್ತು. ಹದಿನೆಂಟು. ಅನ್ವರ್ ಭಾಯಿಯ ಲೋಟ ಕೈಯಲ್ಲೇ ಇತ್ತು. ಚೀಲದಲ್ಲಿ ನನ್ನ ಬಟ್ಟೆ ಕತ್ತರಿ ಇತ್ತು. ಮೆಟ್ಟಿಲು ಹೇಗೆ ಹತ್ತಿದೆನೋ ನೆನಪಿಲ್ಲ. ತಂತಿಗೆ ಕತ್ತರಿ ಹಾಕಿ ಎರಡೂ ಕೈಯಿಂದ ಅದುಮಿದೆ. ಮೊದಲ ಸಲ ಜಾರಿತು, ಹೆಬ್ಬೆರಳು ಕೊಯ್ಯಿತು. ಎರಡನೇ ಸಲಕ್ಕೆ ತುಂಡಾಯಿತು. ವಾಲ್ವ್ ಎದ್ದು ಕಿರುಚಿದ ಸದ್ದಿಗೆ ಅಂಗಳದಲ್ಲಿ ಭತ್ತ ಹರಡುತ್ತಿದ್ದ ಹೆಂಗಸರೆಲ್ಲ ಗೇಟಿನ ಕಡೆ ಓಡಿದರು. ಕೆಳಗಿಳಿದಾಗ ಅನ್ವರ್ ಭಾಯಿ ಹಬೆಯ ತಿರುಗಣಿಯನ್ನು ಕೈಯಿಂದಲೇ ಮುಚ್ಚುತ್ತಿದ್ದ. "ಎಷ್ಟು ದಿನದಿಂದ ನಾನು ಇದಕ್ಕ ಬೆನ್ನು ಕೊಟ್ಟು ಕೂತೀನಿ?" ಎಂದ. ತಿಂಗಳ ಲೆಕ್ಕ ಇಬ್ಬರಿಗೂ ಗೊತ್ತಿತ್ತು.

ನಿನ್ನೆ ಬಸು ತಾನಾಗಿ ಕುರುಗೋಡಿಗೆ ಬಂದ. ಈ ಸಲ ನಗಲಿಲ್ಲ. ಕಾರಿನಿಂದ ಇಳಿದವನು ಹೊಸ್ತಿಲಲ್ಲೇ ಕೂತು ಹಾಳೆ ಕೇಳಿದ. ಎರಡೂ ಅರ್ಧವನ್ನು ಒಂದೇ ಕಂಪೈಲರಿನಲ್ಲಿ ಕಟ್ಟುತ್ತೇನೆ, ನಾಲ್ಕು ದಿನ ಬೇಕು ಎಂದ. ಏಳುವಾಗ ನೆಲ ನೋಡಿಕೊಂಡು ಇನ್ನೊಂದು ಮಾತು ಹೇಳಿದ. ಇದೇ ಪ್ರೋಗ್ರಾಮನ್ನು ಇನ್ನೂ ಎರಡು ಮಿಲ್ಲಿಗೆ ಹಾಕಿದ್ದಾನಂತೆ. ಫೋನು ಮಾಡಿದರೆ, ಸುಗ್ಗಿಯ ಹೊತ್ತಿನಲ್ಲಿ ಮಿಲ್ಲು ನಿಲ್ಲಿಸುವುದಿಲ್ಲ ಅಂದರಂತೆ.

"ಅಲ್ಲೂ ತಂತಿ ಕಟ್ಟ್ಯಾರೇನಣ್ಣ?"

"ನೋಡಿಲ್ಲ," ಎಂದ. ಆಮೇಲೆ, "ಕಟ್ಟಿರ್ತಾರ," ಎಂದ.

ನಾನೂ ಅನ್ವರ್ ಭಾಯಿಯೂ ಹೋಗುತ್ತಿದ್ದೇವೆ, ಮಾಮಾ. ಗೇಟಿನೊಳಗೆ ಬಿಡುತ್ತಾರೋ ಇಲ್ಲವೋ. ಆದರೆ ಈ ಸಲ ಅಂಗಿ ಕೊಟ್ಟು ಸುಮ್ಮನೆ ಬಸ್ಸು ಹತ್ತುವುದಿಲ್ಲ.

ಇವತ್ತು ಬೆಳಿಗ್ಗೆ ಸಾಣೆಯವನು ಬೀದಿಗೆ ಬಂದಿದ್ದ. ಕತ್ತರಿ ಕೊಟ್ಟೆ. ಅಲಗು ಮುಕ್ಕಾದ ಕಡೆ ಬೆರಳಾಡಿಸಿ, "ಏನವ್ವಾ, ಬಟ್ಟಿ ಬಿಟ್ಟು ಏನು ಕತ್ತರಿಸಿದಿ?" ಎಂದು ಕೇಳಿದ.

"ತಂತಿ."

"ಇನ್ನೊಮ್ಮಿ ತಂತಿಗೆ ಹಾಕಬ್ಯಾಡ. ಉಳಿಯಂಗಿಲ್ಲ ಇದು."

"ಇನ್ನೂ ಎರಡು ಅದಾವ್ರಿ," ಅಂದೆ.

ಅವನು ನನ್ನ ಹೆಬ್ಬೆರಳಿನ ಬಟ್ಟೆ ನೋಡಿದ. ಕತ್ತರಿಯನ್ನು ಮತ್ತೊಮ್ಮೆ ಚಕ್ರಕ್ಕೆ ಹಿಡಿದ.

ನಿಮ್ಮ
ಪಾತಿಮಾ