ಚೀಲ ಆರಿಸಿಕೊಟ್ಟ ಭಾವನವರಿಗೆ

ಲಗೇಜು ಶಾಸ್ತ್ರದ ಮಹಾಪಂಡಿತರಾದ ಭಾವನವರಿಗೆ ನಮಸ್ಕಾರ.

ಅಂಗಡಿಯಲ್ಲಿ ತಾವು, "ಗಟ್ಟಿ ಸೂಟ್‌ಕೇಸ್ ಖಾಲಿ ಇದ್ರೂ ಐದು ಕೆಜಿ ತೂಗತ್ತೆ ಕಣಯ್ಯ, ಬಟ್ಟೆ ಚೀಲ ತಗೋ" ಎಂದಿರಿ; ತಗೊಂಡೆ. ಆಮೇಲೆ, "ನನ್ನ ಸ್ನೇಹಿತನಿಗೆ ಕೊಡೋಕೆ ನನ್ನ ಫೋಟೋಗೆ ಗಾಜಿನ ಕಟ್ಟು ಹಾಕ್ಸಿದೀನಿ, ಅದು ಕೈಚೀಲದಲ್ಲೇ ಇರ್ಲಿ" ಎಂದಿರಿ. ಅದಕ್ಕೆ ಜಾಗ ಬಿಟ್ಟುಕೊಟ್ಟು, ನನ್ನ ಕಣ್ಣಿನ ನಂಬರಿಗೆ ಗಾಜು ಹಾಕಿಸಿದ ಡೈವಿಂಗ್ ಮಾಸ್ಕ್ ಬಟ್ಟೆ ಚೀಲಕ್ಕಿಳಿದು ವಿಮಾನದ ಹೊಟ್ಟೆ ಸೇರಿತು. ತಮ್ಮ ಫೋಟೋ ಕೂದಲೂ ಕೊಂಕದೆ ಬಂತು. ಮಾಸ್ಕಿನ ಎರಡೂ ಗಾಜು ಒಡೆದಿದ್ದವು. ತಮ್ಮ ಸ್ನೇಹಿತರು ಫೋಟೋ ನೋಡಿ, "ಇದನ್ನ ಮೊಬೈಲಲ್ಲೇ ಕಳಿಸಿದ್ನಲ್ರೀ!" ಎಂದರು.

ಹೊಸ ಗಾಜಿಗೆ ಇಲ್ಲಿ ಹತ್ತು ದಿನ ಬೇಕಂತೆ; ನಾನಿರುವುದು ಮೂರೇ ದಿನ. ಎರಡು ವರ್ಷ ರಜೆ ಕೂಡಿಟ್ಟು ಬಂದದ್ದು ಕಡಲಾಮೆ ನೋಡಲಿಕ್ಕೆ. ಮಾಸ್ಕಿನೊಳಗೆ ಕನ್ನಡಕ ಹಿಡಿಸುವುದಿಲ್ಲವಾದ್ದರಿಂದ, ಇವತ್ತು ನಂಬರಿಲ್ಲದ ಬಾಡಿಗೆ ಮಾಸ್ಕ್ ತೊಟ್ಟು ಮುಳುಗಿದೆ. ಕೆಳಗೆ ಡೈವಿಂಗ್ ಮೇಷ್ಟ್ರು ನನ್ನ ಭುಜ ಅಲುಗಾಡಿಸಿ ಕೈ ತೋರಿಸಿದರು. ಒಗೆದು ಹರವಿದ ಹಸಿರು ಟವೆಲಿನಂಥದ್ದೇನೋ ತೇಲಿಹೋಯಿತು. ಮೇಲೆ ಬಂದಮೇಲೆ ಅವರು, "ಅಷ್ಟು ದೊಡ್ಡ ಆಮೆ ನಾನೇ ನೋಡಿರ್ಲಿಲ್ಲ ಸಾರ್! ಕಣ್ಣಿನ ಸುತ್ತ ಇರೋ ಗೆರೆ ಕೂಡ ಕಾಣ್ತಿತ್ತಲ್ವಾ?" ಎಂದರು. ನಾನು "ಹೂಂ" ಅಂದೆ.

ನೀರಿಗಿಳಿದರೆ ಕಿವಿ ಕೆಡುತ್ತದೆಂದು ಅಕ್ಕ ಹೆದರಿದ್ದಳು. ಕಿವಿ ಭೇಷಾಗಿದೆಯೆಂದು ಹೇಳಿ. ಕೆಳಗೆ ಕೇಳುವಂಥದ್ದು ಏನೂ ಇರಲಿಲ್ಲ, ಇದ್ದದ್ದೆಲ್ಲ ನೋಡುವಂಥದ್ದೇ.

ಇತಿ,
ತಾವು ಹೇಳಿದಂತೆಯೇ ಮಾಡಿದ ಭಾವಮೈದುನ