ಬೈಗುಳಕ್ಕೊಂದಿಷ್ಟು ಜಾಗ

ಮಾರ್ಚ್ 4

ಮತ್ತೆ ಪ್ರಿಂಟರ್. ರಿಸೆಪ್ಷನ್ನಿನವಳು ಸಿಕ್ಕಿಕೊಂಡ ಕಾಗದವನ್ನು ಎಳೆದೂ ಎಳೆದೂ ಅರ್ಧ ಒಳಗೇ ಹರಿದಿಟ್ಟಿದ್ದಾಳೆ. ಚಿಮಟ ಹಿಡಿದು ಕೀಳುತ್ತಿದ್ದೆ, ಶ್ ಮೇಷ್ಟ್ರು ಬಂದು ಬಾಗಿಲಲ್ಲಿ ನಿಂತರು. ನಮ್ಮ ಕ್ಲಿನಿಕ್ಕಿನ ಸ್ಪೀಚ್ ಥೆರಪಿಸ್ಟ್. ಜನಕ್ಕೆ ಮಾತು ಕಲಿಸುವುದು ಕೆಲಸ, ಕಂಡವರಿಗೆಲ್ಲ ‘ಶ್’ ಅನ್ನುವುದು ಅಭ್ಯಾಸ. ರೆಕಾರ್ಡಿಂಗ್ ರೂಮ್ ಅವರದು, ಅದರ ಪಕ್ಕದ, ರೆಕಾರ್ಡಿಂಗ್‌ಗಳೆಲ್ಲ ಕೂಡಿಡುವ ಸರ್ವರ್ ರೂಮ್ ನನ್ನದು. ಹೆಸರು ನಾನಿಟ್ಟದ್ದು. ಅವರಿಗೂ ಗೊತ್ತು.

“ರೆಕಾರ್ಡಿಂಗ್ ಮಧ್ಯದಲ್ಲೇ ನಿಂತ್ಹೋಯ್ತು. ಡಿಸ್ಕ್ ಫುಲ್ ಅಂತಿದೆ.”

ನೋಡಿದೆ. ನಿಜ. ಸರ್ವರ್ ಉಸಿರಾಡಲೂ ಜಾಗವಿಲ್ಲದಷ್ಟು ತುಂಬಿದೆ.

ನಿಂತದ್ದು ಅನೌನ್ಸರ್ ಅಕ್ಕನ ರೆಕಾರ್ಡಿಂಗ್. ರೈಲ್ವೆ ಸ್ಟೇಷನ್ನಿನಲ್ಲಿ ಅನೌನ್ಸ್ ಮಾಡುವಾಕೆ. ಗಂಟಲಲ್ಲಿ ಗಡ್ಡೆ. ತಿಂಗಳ ಕೊನೆಗೆ ಆಪರೇಷನ್, ಧ್ವನಿಪೆಟ್ಟಿಗೆಯನ್ನೇ ತೆಗೆಯುತ್ತಾರೆ. ಅದಕ್ಕೆ ಮೊದಲು ಆದಷ್ಟು ಮಾತು ಹಿಡಿದಿಟ್ಟರೆ, ಆಮೇಲೆ ಟ್ಯಾಬ್‌ನಲ್ಲಿ ಅವರು ಟೈಪ್ ಮಾಡಿದ್ದನ್ನು ಅವರದೇ ದನಿ ಹೇಳುತ್ತದೆ. ಕೆಲವು ಮಾತುಗಳನ್ನು ಇಡಿಯಾಗಿಯೇ ಬಟನ್‌ಗೆ ಹಾಕಬಹುದು, ಒತ್ತಿದರೆ ಸಾಕು.

ಮೇಷ್ಟ್ರು ಓದಲು ಕೊಟ್ಟ ವಾಕ್ಯಗಳು — ನನಗೆ ನೀರು ಬೇಕು, ಇವತ್ತು ಸೆಕೆ ಜಾಸ್ತಿ, ಕಿಟಕಿ ತೆರೆಯಿರಿ. ಅಕ್ಕ ಎಲ್ಲ ಓದಿ ಕೇಳಿದರಂತೆ: “ಇವೆಲ್ಲ ಸರಿ. ನಮ್ಮನೆಯವ್ರನ್ನ ಬೈಯೋದನ್ನ ಯಾವಾಗ ಹಿಡ್ಕೋತೀರಿ?”

ಮಾರ್ಚ್ 6

“ಹಳೇದು ಏನಾದ್ರೂ ಅಳಿಸ್ಬಹುದಾ?” ಅಂದರು ಮೇಷ್ಟ್ರು. ಕೇಳಿದ ಮೇಲೆ ಅವರೇ ನಾಲಿಗೆ ಕಚ್ಚಿಕೊಂಡರು. ಹಳೆಯದು ಅಂದರೆ ಯಾರದೋ ದನಿ. ಕೆಲವರಂತೂ ಈಗ ಬದುಕಿಯೂ ಇಲ್ಲ.

ದೊಡ್ಡ ಡಿಸ್ಕ್‌ಗಳು ಬಂದವು. ಇಡೀ ಮಧ್ಯಾಹ್ನ ಓದಿದೆ. ಖುಷಿಯಾಗುತ್ತಿದೆ, ಸುಳ್ಳು ಯಾಕೆ ಹೇಳಲಿ. ಸರ್ವರ್ ನಿಲ್ಲಿಸಬೇಕಿಲ್ಲ, ಖಾಲಿ ಮಾಡಬೇಕಿಲ್ಲ. ಒಳಗಿರುವ ನಾಲ್ಕು ಡಿಸ್ಕ್ ಒಂದು ಗುಂಪು. ಒಂದನ್ನು ಕಿತ್ತು ಅಲ್ಲಿ ದೊಡ್ಡದನ್ನು ಕೂರಿಸಿದರೆ, ಉಳಿದ ಮೂರು ಸೇರಿ ಹೋದದ್ದರಲ್ಲಿ ಏನಿತ್ತು ಅಂತ ಲೆಕ್ಕ ಹಾಕಿ ಹೊಸದಕ್ಕೆ ಬರೆದುಕೊಡುತ್ತವೆ. ಮನೆಯಲ್ಲಿ ಊಟಕ್ಕೆ ಕೂತಾಗ ಒಬ್ಬರು ಇಲ್ಲದಿದ್ದರೂ ‘ಅವನಿದ್ದಿದ್ರೆ ಉಪ್ಪು ಕಮ್ಮಿ ಅಂತಿದ್ದ’ ಅಂತ ಉಳಿದವರು ಹೇಳುವುದಿಲ್ಲವೆ, ಹಾಗೆ. ಆದರೆ ಒಬ್ಬರು ಇಲ್ಲದಿದ್ದರೆ ಮಾತ್ರ. ಇಬ್ಬರು ಎದ್ದು ಹೋದರೆ ಲೆಕ್ಕ ಹತ್ತುವುದಿಲ್ಲ, ಎಲ್ಲ ಹೋದಂತೆ. ಹಾಗಾಗಿ ಒಂದು ಪೂರ್ತಿ ಬರೆದು ಮುಗಿಯುವ ತನಕ ಇನ್ನೊಂದನ್ನು ಮುಟ್ಟುವಂತಿಲ್ಲ. ನಾಲ್ಕೂ ಬದಲಾದ ಮೇಲೆ ಗುಂಪನ್ನು ಹಿಗ್ಗಿಸುವುದು.

ಮೊದಲು ಬ್ಯಾಕಪ್. ಅದಿಲ್ಲದೆ ಕೈ ಹಾಕಲ್ಲ.

ಮಾರ್ಚ್ 9

ಬ್ಯಾಕಪ್ ಮುಗಿಯಿತು. ನಕಲಾಗಿದೆ ಅಂತ ಕಂಪ್ಯೂಟರ್ ಹೇಳಿದರೆ ನಂಬುವ ಜಾಯಮಾನ ನನ್ನದಲ್ಲ. ಅಲ್ಲೊಂದು ಇಲ್ಲೊಂದು ಫೈಲ್ ತೆರೆದು ಕೇಳಿದೆ. ಯಾರೋ ಮಗಳಿಗೆ ಲಾಲಿ ಹಾಡುತ್ತಿದ್ದಾರೆ. ಯಾರೋ ಬರೀ ಅಂಕಿ ಎಣಿಸುತ್ತಿದ್ದಾರೆ. ಸರಿಯಾಗಿದೆ.

ಒಂದು ಸಂಗತಿ. ಅಕ್ಕ ಬಿದ್ದು ಬಿದ್ದು ನಕ್ಕ ಒಂದು ನಿಮಿಷ, ಮೇಷ್ಟ್ರು ಮೈಕ್ ಪರೀಕ್ಷೆಗೆ ಅಂತ ಹಿಡಿದ ಖಾಲಿ ರೂಮಿನ ಒಂದು ನಿಮಿಷ — ಎರಡೂ ಫೈಲಿನ ಗಾತ್ರ ಒಂದೇ. ಏನೂ ಹೇಳದೆ ಇರುವುದಕ್ಕೂ ಡಿಸ್ಕಿನಲ್ಲಿ ಅಷ್ಟೇ ಜಾಗ ಬೇಕು. ಮೇಷ್ಟ್ರಿಗೆ ಹೇಳಿದೆ. “ಮನೇಲೂ ಹಾಗೇ,” ಅಂದರು.

ಬ್ಯಾಕಪ್ ಡಿಸ್ಕನ್ನು ಮನೆಗೆ ತಂದು ಬೀರುವಿನಲ್ಲಿ ಸೀರೆ ಕೆಳಗಿಟ್ಟೆ. ಎರಡೂ ಒಂದೇ ಕಟ್ಟಡದಲ್ಲಿ ಇರಬಾರದು.

ಮಾರ್ಚ್ 10

ಮೊದಲನೆಯದನ್ನು ಎಳೆದೆ. ಎಳೆದದ್ದೇ ತಡ, ಸರ್ವರ್ ಬೀಪ್ ಬೀಪ್ ಅಂತ ಬಾಯಿ ಬಡಿದುಕೊಳ್ಳಲು ಶುರು. ಅದರ ಹಿಂದೆಯೇ ಮೇಷ್ಟ್ರು, ಬೆರಳು ತುಟಿಯ ಮೇಲೆ.

“ಒಂದು ಡಿಸ್ಕ್ ಇಲ್ಲ ಅಂತ ಹೇಳ್ತಿದೆ ಸಾರ್. ಹೇಳ್ಲಿ ಬಿಡಿ, ಅದರ ಕೆಲ್ಸ ಅದು.”

“ಗೋಡೆ ದಾಟಿ ಮೈಕಿಗೆ ಬರ್ತಿದೆ ಕಣಮ್ಮ. ಇವತ್ತು ರೆಕಾರ್ಡಿಂಗ್ ಇಟ್ಕೊಳ್ಳಲ್ಲ, ಆಯ್ತು.”

ಹೊಸದನ್ನು ಕೂರಿಸಿದೆ. ಶೇಕಡಾ ಒಂದು… ಎರಡು… ಒಲೆ ಮೇಲಿನ ಹಾಲು ನೋಡಿದ ಹಾಗೆ ನೋಡುತ್ತ ಕೂತೆ.

ಮಾರ್ಚ್ 12

ಮೊದಲನೆಯದು ಸುಖವಾಗಿ ಮುಗಿದಿದೆ. ಎರಡನೆಯದು ನಡೆಯುತ್ತಿದೆ. ಕಿತ್ತ ಹಳೆಯದನ್ನು ಕೈಯಲ್ಲಿ ಹಿಡಿದು ನೋಡಿದೆ. ಇದೊಂದರಲ್ಲೇ ಯಾರ ದನಿಯೂ ಪೂರ್ತಿ ಇಲ್ಲ, ಎಲ್ಲರ ಚೂರು ಚೂರು ಇದೆ. ಕಿವಿಗೆ ಹಿಡಿದೂ ನೋಡಿದೆ. ನೋಡುವವರು ಯಾರೂ ಇರಲಿಲ್ಲ, ಪುಣ್ಯ.

ಮಾರ್ಚ್ 14

ಬೆಳಿಗ್ಗೆ ಮೂರನೆಯದು ಹಾಕಿದೆ. ಹತ್ತು ಗಂಟೆಗೆ ಅಕ್ಕ ಗಂಡನ ಜೊತೆ ಹಾಜರ್. ಆಪರೇಷನ್ ಅಂದುಕೊಂಡದ್ದಕ್ಕಿಂತ ಬೇಗ ಬಂದಿದೆ. ಗಡ್ಡೆ ಕಾಯುವ ಹಾಗಿಲ್ಲವಂತೆ. ನಾಡಿದ್ದೇ.

ಬೈಗುಳ ಇನ್ನೂ ಬಾಕಿ.

ನನ್ನ ಹಳೆಯ ಸಾಫ್ಟ್‌ವೇರ್ ಕಸ ಗುಡಿಸಿ ಒಂದಿಷ್ಟು ಜಾಗ ಮಾಡಿಕೊಟ್ಟೆ. ಉಳಿದದ್ದು ಬೀಪ್. ಮೆನುವಿನಲ್ಲಿ ಎರಡು ದಾರಿ — ಈ ಎಚ್ಚರಿಕೆಯನ್ನಷ್ಟೇ ಸುಮ್ಮನಾಗಿಸು, ಇಲ್ಲ ಎಲ್ಲ ಸದ್ದನ್ನೂ ಆಫ್ ಮಾಡು. “ಮಧ್ಯದಲ್ಲಿ ಮತ್ತೆ ಹೊಡ್ಕೊಂಡ್ರೆ?” ಅಂದರು ಮೇಷ್ಟ್ರು. ಎಲ್ಲ ಆಫ್ ಮಾಡಿದೆ.

ಗಾಜಿನ ಈಚೆ ಹೆಡ್‌ಫೋನ್ ಹಾಕಿ ಕೂತೆ. ನನಗಲ್ಲಿ ಕೆಲಸವಿರಲಿಲ್ಲ, ಕುತೂಹಲ ಅಷ್ಟೆ. ಅಕ್ಕ ಮೈಕಿನ ಮುಂದೆ, ಎದುರಿಗೆ ಭಾವ. ಯಾವ ಸಂಬಂಧವೂ ಇಲ್ಲ, ಆದರೂ ಆಕೆಯನ್ನು ಅಕ್ಕ ಅಂದ ಮೇಲೆ ಇವರು ಭಾವನೇ ತಾನೆ.

“ಕಿವಿ ಏನು ಅಲಂಕಾರಕ್ಕೆ ಇಟ್ಕೊಂಡಿದೀರಾ? ಊರಿಗೆಲ್ಲ ಕೇಳ್ಸತ್ತೆ ನನ್ ಮಾತು, ನಿಮಗೊಬ್ರಿಗೆ ಕೇಳ್ಸಲ್ಲ!” ಒಂದಾದ ಮೇಲೊಂದು. ಒಗೆಯುವ ಬಟ್ಟೆ, ಕಳೆದ ಬೀಗದ ಕೈ, ಅತ್ತಿಗೆಯ ಎದುರು ಬಾಯಿ ಬಿಡದೆ ಕೂತದ್ದು. ಸ್ಟೇಷನ್ನಿನಲ್ಲಿ ರೈಲು ತಡ ಅನ್ನುವಾಗಿನ ಅದೇ ಸ್ಪಷ್ಟ ಉಚ್ಚಾರ. ಮೇಷ್ಟ್ರು ಬಾಯಿಗೆ ಕರವಸ್ತ್ರ ಒತ್ತಿಕೊಂಡು ನಗುತ್ತಿದ್ದರು.

ಭಾವ ಮಾತ್ರ ತಲೆಯಾಡಿಸುತ್ತ, “ಆಯ್ತು… ಆಯ್ತಮ್ಮಾ…”

ಹೊರಗೆ ಬಂದು ಅಕ್ಕ ನನಗೆ ಹೇಳಿದರು: “ಕಾಯ್ಲೆ ಗೊತ್ತಾದಾಗ್ಲಿಂದ ಈ ಮನುಷ್ಯ ಜಗಳಕ್ಕೇ ಬರ್ತಿಲ್ಲ. ಎಲ್ಲದಕ್ಕೂ ಆಯ್ತು. ನಾನು ಆಗ್ಲೇ ಸತ್ತೋಗಿರೋ ಹಾಗಿದೆ.”

ನಾನು ಹೆಡ್‌ಫೋನಿನ ವೈರು ಸುತ್ತತೊಡಗಿದೆ.

ಇವತ್ತಿನದನ್ನು ಬ್ಯಾಕಪ್ಪಿಗೆ ಸೇರಿಸಬೇಕು. ಬ್ಯಾಕಪ್ ಮನೆಯಲ್ಲಿದೆ. ಮೂರನೆಯದು ಮುಗಿಯಲಿ, ನಾಳೆ ತಂದರಾಯಿತು.

ಮಾರ್ಚ್ 15, ಮಧ್ಯಾಹ್ನ

ಮೂರನೆಯದು ಅರ್ಧಕ್ಕೇ ನಿಂತಿದೆ. ಇನ್ನೂ ಬದಲಾಗದ ಹಳೆಯ ನಾಲ್ಕನೆಯದರ ಮೇಲೆ ಹಳದಿ ದೀಪ. ಓದಲಾಗುತ್ತಿಲ್ಲ, ಓದಲಾಗುತ್ತಿಲ್ಲ — ನಿನ್ನೆ ಸಂಜೆಯಿಂದ ಅದು ಹೇಳುತ್ತಲೇ ಇದೆ. ಯಾರಿಗೆ ಕೇಳಬೇಕು? ಬಾಯಿ ಮುಚ್ಚಿಸಿದ್ದು ನಾನೇ. ಮತ್ತೆ ಆನ್ ಮಾಡುವುದು ಮರೆತದ್ದೂ ನಾನೇ.

ಕಿತ್ತಿಟ್ಟ ಹಳೆಯ ಮೂರನೆಯದನ್ನು ವಾಪಸ್ ಹಾಕಿದರೆ? ನಿನ್ನೆಯ ಮಾತು ಅದರಲ್ಲಿಲ್ಲ. ಆಮೇಲೆ ಬಂದದ್ದು ಅದಕ್ಕೆ ಗೊತ್ತೇ ಇಲ್ಲ. ಹಿಂದಿನದೆಲ್ಲ ಬೀರುವಿನಲ್ಲಿ ಭದ್ರ. ಬೈಗುಳ ಒಂದೇ ಇಲ್ಲಿ ತೂಗಾಡುತ್ತಿದೆ.

ಫೈಲನ್ನು ಹೊರಗೆ ನಕಲಿಸಲು ನೋಡಿದೆ. ಮೊದಲ ಕೆಲವು ನಿಮಿಷ ಬಂತು. ಅಲ್ಲಿಗೆ ನಿಂತಿತು. ಮತ್ತೆ. ಅಲ್ಲೇ ನಿಂತಿತು.

ಮೇಷ್ಟ್ರಿಗೆ ಹೇಳಿದೆ. “ಅವರಿಗೆ ಹೇಳೋದು ಬೇಡ. ಆಪರೇಷನ್ ಆಗ್ಲಿ, ಅಷ್ಟರಲ್ಲಿ ಸಿಗ್ಬಹುದು.”

“ಸಿಗ್ದೇ ಇದ್ರೆ? ನಾಳೆ ಆದ್ಮೇಲೆ ಹೇಳಿ ಏನ್ ಉಪಯೋಗ ಸಾರ್?”

ಫೋನ್ ಮಾಡುತ್ತೇನೆ.

ಅದೇ ದಿನ, ಸಂಜೆ

ಆಸ್ಪತ್ರೆಗೆ ಸೇರಲು ಹೊರಟಿದ್ದವರು ದಾರಿ ತಿರುಗಿಸಿ ಬಂದರು. ಕಾರಿನಿಂದ ಇಳಿಯಲಿಲ್ಲ, ಹೊತ್ತಿರಲಿಲ್ಲ. ಹಿಂದಿನ ಸೀಟಿನಲ್ಲಿ ಬ್ಯಾಗು, ಫ್ಲಾಸ್ಕು, ದಿಂಬು. ಅದರ ಪಕ್ಕ ತೂರಿಕೊಂಡು ಕೂತು ನಡೆದದ್ದನ್ನು ನಡೆದ ಹಾಗೇ ಹೇಳಿದೆ. ನನ್ನ ತಪ್ಪನ್ನೂ.

“ಹೋಗೇ ಹೋಯ್ತಾ?”

“ಗೊತ್ತಿಲ್ಲ ಅಕ್ಕಾ. ಸಿಗಬಹುದು, ಸಿಗದೇ ಇರಬಹುದು.”

“ಒಳ್ಳೇದೇ ಆಯ್ತು ಬಿಡಿ. ನಿನ್ನೆ ಒಂದೆರಡು ಬಿಟ್ಟೋಗಿತ್ತು.”

ನನ್ನ ಮೊಬೈಲಿನಲ್ಲಿ ರೆಕಾರ್ಡಿಂಗ್ ಒತ್ತಿ ಹಿಡಿದೆ. ಅಕ್ಕ ಗಂಡನ ಕಡೆ ತಿರುಗಿ ಶುರು ಮಾಡಿದರು. ಭಾವ ಸ್ಟಿಯರಿಂಗ್ ಮೇಲೆ ಎರಡೂ ಕೈಯಿಟ್ಟು ಎದುರಿನ ಗೋಡೆ ನೋಡುತ್ತಿದ್ದರು. “ಆಯ್ತು,” ಅಂದರು.

“ಏನ್ ಆಯ್ತು? ನಾನಿನ್ನೂ ಏನೂ ಹೇಳೇ ಇಲ್ಲ. ಇಲ್ಲ ಅನ್ನಿ, ಒಂದ್ಸಲ. ಬೈಯೋಕೆ ಒಂದು ನೆಪ ಬೇಡ್ವಾ?”

ಭಾವನಿಗೆ ಆಗಲಿಲ್ಲ. ಅಕ್ಕನಿಗೂ ಬೈಗುಳ ಬರಲಿಲ್ಲ. ಬಂದದ್ದು ಬೇರೆ. “ನಾಳೆ ಏನಾದ್ರೂ ತಿಂದೇ ಬನ್ನಿ. ಖಾಲಿ ಹೊಟ್ಟೇಲಿ ಹೊರಗೆ ಕೂತಿರ್ಬೇಡಿ. ನಾನು ಒಳಗಿರ್ತೀನಿ, ಹೇಳೋರು ಯಾರೂ ಇರಲ್ಲ.”

ಅಷ್ಟೇ. ಹಿಂದೆ ಯಾರೋ ಹಾರ್ನ್ ಹೊಡೆದರು, ಅದೂ ಸೇರಿಕೊಂಡಿದೆ. ನಾನಿಳಿದೆ, ಕಾರು ಹೋಯಿತು. ನಾನು ಅಲ್ಲೇ ನಿಂತು ಅತ್ತೆ.

ಮಾರ್ಚ್ 16

ಇವತ್ತು ಯಾರೂ ಸರ್ವರ್ ಮುಟ್ಟಬಾರದು ಅಂತ ಬಾಗಿಲಿಗೆ ಬರೆದು ಅಂಟಿಸಿದೆ. ನಾಲ್ಕನೆಯದಕ್ಕೆ ಬೇರಾವ ಕೆಲಸವೂ ಇರಬಾರದು. ಓದಲಾಗದ ಜಾಗವನ್ನು ಅದು ತಡವರಿಸುತ್ತ ಮತ್ತೆ ಮತ್ತೆ ಓದಲು ನೋಡುತ್ತಿದೆ. ಒಂದೇ ಚೂರನ್ನು ಅಷ್ಟು ಸಲ ಕೇಳಿದರೆ ಒಮ್ಮೆಯಾದರೂ ಹೇಳಿಬಿಡುತ್ತದೆಯೆ? ಕೆಲವು ಸಲ ಹೇಳುತ್ತದಂತೆ. ಯಾಕೆ ಅಂತ ಓದಿದಷ್ಟೂ ಅರ್ಥವಾಗಲಿಲ್ಲ.

ಅಲ್ಲಿ ಆಪರೇಷನ್ ನಡೆಯುತ್ತಿದೆ. ಇಲ್ಲಿ ಶೇಕಡಾ ಅಲುಗುತ್ತಿಲ್ಲ.

ಸಂಜೆ: ಅಲುಗಿತು. ಮೊದಲು ನಾನು ನಂಬಲಿಲ್ಲ. ಭಾವನ ಮೆಸೇಜ್ ಕೂಡ ಬಂತು. “ಆಪರೇಷನ್ ಆಯಿತು, ಸರಿಯಾಗಿದ್ದಾಳೆ, ನಾನು ತಿಂದು ಬಂದಿದ್ದೆ.”

ಮಾರ್ಚ್ 21

ನಾಲ್ಕೂ ಹೊಸವು. ಹಿಗ್ಗಿಸು ಅನ್ನುವ ಬಟನ್ ಒತ್ತಿದೆ. ಜಾಗ ಕಣ್ಣೆದುರೇ ದುಪ್ಪಟ್ಟಾಯಿತು. ಒಂದು ಫೈಲೂ ಹೋಗಿಲ್ಲ, ಬೈಗುಳವೂ ಸೇರಿ. ಮೊದಲಿಂದ ಕೊನೆಯ ತನಕ ಕೇಳಿಯೇ ಎದ್ದೆ. ಎರಡು ಕಡೆ ನಕಲು ಇಟ್ಟೆ. ಬೀಪ್ ಆನ್ ಮಾಡಿದೆ. ಇನ್ನು ಮೇಷ್ಟ್ರು ಏನೇ ಅನ್ನಲಿ.

ಏಪ್ರಿಲ್ 18

ಅಕ್ಕ ಬಂದಿದ್ದರು. ಕುತ್ತಿಗೆಗೆ ಬಟ್ಟೆ, ಕೈಯಲ್ಲಿ ಸ್ಲೇಟು. ಬಟನ್‌ಗೆ ಯಾವುದು ಹಾಕಲಿ, ರೂಮಿನದೋ ಕಾರಿನದೋ ಅಂತ ಮೇಷ್ಟ್ರು ಕೇಳಿದರು. ಅಕ್ಕ ಬರೆದರು: ಎರಡೂ. ಆಮೇಲೆ ಅದರ ಕೆಳಗೆ: ಬೈಯೋದು ದೊಡ್ಡ ಬಟನ್.

ಭಾವ ಓದಿ ತಲೆಯಾಡಿಸಿದರು. “ಆಯ್ತು.” ಇನ್ನೂ ಅದೇ. ಸ್ಲೇಟಿನ ಜೊತೆ ಯಾರು ಜಗಳ ಆಡುತ್ತಾರೆ.

ಮೇ 3, ಬೆಳಿಗ್ಗೆ

ಇವತ್ತು ಟ್ಯಾಬ್ ಕೊಡುವ ದಿನ. ಮೇಷ್ಟ್ರ ರೂಮಿನ ಬಾಗಿಲು ಮುಚ್ಚಿದೆ. ನಾನು ಕೇಬಲ್‌ಗಳಿಗೆ ಚೀಟಿ ಅಂಟಿಸುತ್ತಿದ್ದೇನೆ, ಅಂದರೆ ಒಂದೇ ಚೀಟಿಯನ್ನು ಆಗಿನಿಂದ ಹಿಡಿದು ಕೂತಿದ್ದೇನೆ.

ಬಾಗಿಲು ತೆರೆಯಿತು. ಕಾರಿಡಾರಿನಲ್ಲಿ ಅಕ್ಕನ ದನಿ. ಅಕ್ಕನದೇ. “ಅರ್ಧ ದಾರಿಗೆ ಬಂದ್ಮೇಲೆ ನೆನಪಾಗತ್ತಲ್ಲ, ಹೊರಡೋ ಮುಂಚೆ ತಲೆ ಎಲ್ಲಿಟ್ಟಿರ್ತೀರಿ?”

ಏನೂ ಇಲ್ಲ. ಯಾರೂ ಮಾತಾಡುತ್ತಿಲ್ಲ.

ಮತ್ತೆ ಒತ್ತಿದರು. ಅದೇ ಮಾತು.

“ಏನ್ ಮರ್ತಿದೀನಿ ನಾನು?” ಭಾವ. ಗೋಡೆ ಅದುರುವ ಹಾಗೆ. “ಎಲ್ಲ ತಂದಿದೀನಿ ಕಣೇ! ಸುಮ್‌ಸುಮ್ನೆ ಬೈಬೇಡ, ನೋಡು ಬ್ಯಾಗಲ್ಲಿ!”

ಅಕ್ಕ ಏನೋ ಟೈಪ್ ಮಾಡುತ್ತಿದ್ದಾರೆ, ಟಕ್ ಟಕ್ ಕೇಳುತ್ತಿದೆ. ಭಾವ ಅಷ್ಟು ಹೊತ್ತೂ ಕಾಯದೆ ಕೂಗುತ್ತಲೇ ಇದ್ದಾರೆ. ದನಿ ಒಡೆದಿದೆ, ಆದರೂ ಬಿಡುತ್ತಿಲ್ಲ. ಈಗ ಅಕ್ಕನ ಸರದಿ, ಏನಂತಾರೆ ಅಂತ ಕೇಳಬೇಕು, ಪೆನ್ನು ಇಡುತ್ತೇನೆ.